ಒಂದೇ ಕಥೆ, ನಾನೂರ ಹದಿಮೂರು ವಿಷಯ

"ಕೊಡಲ್ಲ ಅಂದ್ರೆ ಕೊಡಲ್ಲ! ಇದೇನು ಚಿಪಾ ರೊಟ್ಟಿ ಮಾರೋ ಬುಟ್ಟಿ ಅಂದ್ಕೊಂಡ್ಯಾ, ಬಿಸಿ ಇರೋದು ಒಂದು ಕೊಡಿ ಅನ್ನೋಕೆ?"

"ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗಳಿಗೆ ಕೊಟ್ರಲ್ಲ! ಅವಳು ಕೇಳಿದ ತಕ್ಷಣ ಕೊಟ್ರಿ!"

"ಸುಳ್ಳು. ಅವಳು ಬಂದು ಕೂತಳು, ಕಥೆ ಹೇಳಿದಳು. ನೀನು ಕಿಟಕಿ ಹೊರಗೆ ನಿಂತು ಕೂಗಾಡ್ತಿದೀಯ."

"ನಂಗೆ ಟೈಮಿಲ್ಲ ನ್ಯಾ ಎಲಾದಿಯಾ! ಇವತ್ತು ಹನ್ನೆರಡು ಗಂಟೆಯೊಳಗೆ ಹಾಳೆ ಕೊಡ್ಬೇಕು. ಒಂದು ಸಾಲು. ಒಂದೇ ಒಂದು ಸಾಲು ಹೇಳಿಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಂದೇನೂ ಹೋಗಲ್ಲ. ಹೋದ್ರೆ ನಿಂದೇ ಒಂದು ವರ್ಷ ಹೋಗುತ್ತೆ."

ಪುವೆರ್ತೊ ಸಿರಿಲೊ ಊರಿನ ಶಿಕ್ಷಕರ ತರಬೇತಿ ಸಂಸ್ಥೆಯ ಗ್ರಂಥಾಲಯದಲ್ಲಿ ಬೆಳಗಿನ ಆರು ಗಂಟೆ. ದೀಪ ಹಾಕಿಲ್ಲ, ನದಿಯ ಕಡೆಯಿಂದ ಬರುವ ಬೆಳಕೇ ಸಾಕು. ಐವತ್ತೊಂಬತ್ತು ವರ್ಷದ ಎಲಾದಿಯಾ ಒವೇಲಾರ್, ಹಿರಿಯ ಹೆಂಗಸರನ್ನು ಕರೆಯುವಂತೆ ಎಲ್ಲರೂ 'ನ್ಯಾ' ಎಂದು ಕರೆಯುವವರು, ಸಣ್ಣ ಒಲೆಯ ಮೇಲೆ ಮರಗೆಣಸಿನ ಹಿಟ್ಟಿನ ಅಂಟು ಕಾಯಿಸುತ್ತಿದ್ದಾರೆ. ಹರಿದ ಪುಸ್ತಕಗಳಿಗೆ ಹಚ್ಚಲು ದಿನವೂ ಒಂದು ಪಾತ್ರೆ ಬೇಕು. ಕೈ ಸೌಟು ತಿರುಗಿಸುತ್ತಿದೆ, ಬಾಯಿ ಜಗಳವಾಡುತ್ತಿದೆ. ಎರಡನ್ನೂ ನಿಲ್ಲಿಸುವಂತಿಲ್ಲ. ಒಂದು ನಿಂತರೆ ಅಂಟು ಗಂಟುಗಟ್ಟುತ್ತದೆ, ಇನ್ನೊಂದು ನಿಂತರೆ ಹುಡುಗಿ ಗೆದ್ದುಬಿಡುತ್ತಾಳೆ.

ಹುಡುಗಿಯ ಹೆಸರು ನಿಮಿಯಾ ಗಾಯೊಸೊ. ಇಪ್ಪತ್ಮೂರು ವರ್ಷ, ಮೂರನೆಯ ಮತ್ತು ಕೊನೆಯ ವರ್ಷದ ವಿದ್ಯಾರ್ಥಿನಿ. ಇಲ್ಲಿ ಮೇಷ್ಟ್ರಾಗಬೇಕಾದವರೆಲ್ಲ ಕೊನೆಯ ವರ್ಷದಲ್ಲಿ ಒಂದೇ ಕಥೆಯ ಮೇಲೆ ಸಂಶೋಧನಾ ಪ್ರಬಂಧ ಬರೆಯಬೇಕು. ಒಮ್ಮೆ ಯಾರೋ ಬರೆದ ವಿಷಯವನ್ನು ಮತ್ತೊಬ್ಬರು ಬರೆಯುವಂತಿಲ್ಲ. ನಿಮಿಯಾ ಮೊದಲ ಸಲ 'ಯುದ್ಧ ಮತ್ತು ತಾಯ್ತನ' ಎಂದು ಬರೆದುಕೊಟ್ಟಳು. ಫೋನಿನಿಂದ ಇಳಿಸಿದ್ದು. ಪ್ರೊಫೆಸರ್ ಅರ್ನಾಲ್ದೊ ರೊಲೋನ್ ಕೆಂಪು ಶಾಯಿಯಲ್ಲಿ 'ಇದು ಹದಿನಾಲ್ಕನೆಯ ಸಲ' ಎಂದು ಬರೆದು ಹಾಳೆ ವಾಪಸ್ ಕೊಟ್ಟರು. ಎರಡನೆಯ ಸಲ 'ಕಥೆಯಲ್ಲಿ ನದಿಯ ಸಂಕೇತ' ಎಂದು ಬರೆದಳು. 'ನದಿಗೂ ಸಾಕಾಗಿದೆ' ಎಂದು ಬರೆದರು.

ಮೂರನೆಯದೂ ವಾಪಸ್ ಬಂದರೆ ವರ್ಷ ಹೋಯಿತು. ಆಚೆ ದಡದ ಶಾಲೆಯಲ್ಲಿ ಫೆಬ್ರವರಿಗೆ ಅವಳಿಗಾಗಿ ಒಂದು ಜಾಗ ಕಾದಿದೆ. ಇನ್ನೊಂದು ವರ್ಷ ಕಾಯುವುದಿಲ್ಲ ಎಂದು ಅಲ್ಲಿಯವರು ಹೇಳಿಯಾಗಿದೆ. ಎರಡು ಸಲ ತಿರಸ್ಕಾರವಾದಾಗಲೂ ನಿಮಿಯಾ ನೆಟ್ಟಗೆ ಬಂದದ್ದು ಈ ಕಿಟಕಿಗೆ. ಪ್ರೊಫೆಸರರ ಮುಂದೆ ಆಡಲಾಗದ ಬೈಗುಳವೆಲ್ಲ ಎಲಾದಿಯಾರ ತಲೆಯ ಮೇಲೆ ಬಿತ್ತು. ಎರಡು ಸಲವೂ ಎಲಾದಿಯಾ "ಕೂತ್ಕೊ, ಕಥೆ ಹೇಳು" ಅಂದರು. ಎರಡು ಸಲವೂ ಅವಳು ಕೂರದೆ ಹೋದಳು.

ಇವತ್ತು ಬೇರೆ ದಾರಿಯಿಲ್ಲ. ಒಳಗೆ ಬಂದು ಚೀಲವನ್ನು ಮೇಜಿನ ಮೇಲೆ ಎಸೆದು ಕೂರುತ್ತಾಳೆ. ಎಲಾದಿಯಾ ಪುಸ್ತಕ ತಂದು ಮುಂದಿಡುತ್ತಾರೆ.

"ಓದು. ಹನ್ನೊಂದು ಪುಟ."

"ಎಷ್ಟು ಸಲ ಓದ್ಲಿ ಇದನ್ನ?"

"ಇವತ್ತಿನ ಲೆಕ್ಕಕ್ಕೆ ಒಂದು ಸಲ."

ಕಥೆಯ ಹೆಸರು 'ನೀರಿಗೆ ಬಂದವನು'. ಬರೆದವರು ಈ ಊರಿನಲ್ಲೇ ಪಾಠ ಹೇಳಿ ಸತ್ತ ಒಬ್ಬ ಮೇಷ್ಟ್ರು. ಚಾಕೊ ಯುದ್ಧಕ್ಕೆ ಮಗನನ್ನು ಕಳಿಸಿದ ತಾಯಿ ದಿನವೂ ದಾರಿ ನೋಡುತ್ತಾಳೆ. ಒಂದು ಸಂಜೆ ಬೇರೆ ಯಾರದೋ ಮಗ, ಒಬ್ಬ ಸಿಪಾಯಿ, ನೀರು ಕೇಳಿಕೊಂಡು ಬರುತ್ತಾನೆ. ಅವಳು ಕೊಡುತ್ತಾಳೆ, ಏನೂ ಕೇಳುವುದಿಲ್ಲ. ಅವನು ಏನೂ ಹೇಳದೆ ಹೋಗುತ್ತಾನೆ. ಮಗ ಸತ್ತದ್ದು ತಾಯಿಗೆ ಆಗ ಗೊತ್ತಾಯಿತೋ ಇಲ್ಲವೋ ಎಂದು ರಾಜಧಾನಿ ಅಸುನ್ಸಿಯೋನಿನ ಪಂಡಿತರು ಅಂದಿನಿಂದ ಕಿತ್ತಾಡುತ್ತಿದ್ದಾರೆ. ಗೊತ್ತಾಗಲಿಲ್ಲ, ಪಾಪ, ಕಾಯುತ್ತಲೇ ಇದ್ದಳು ಎನ್ನುವವರದೇ ಮೇಲುಗೈ.

ಮೂವತ್ತೊಂದು ವರ್ಷದ ಹಿಂದೆ ಎಲಾದಿಯಾ ಇಲ್ಲಿಗೆ ಬಂದದ್ದು ನೆಲ ಗುಡಿಸಲು. ಆರನೆಯ ತರಗತಿ ಓದಿದ್ದರು. ಪುಸ್ತಕದ ಧೂಳು ಹೊಡೆಯುವುದು ಕೆಲಸ, ತೆರೆದು ನೋಡುವುದಲ್ಲ. ತೊಂಬತ್ತೆಂಟರ ನೆರೆ ಅವರನ್ನು ಓದುಗರನ್ನಾಗಿ ಮಾಡಿತು. ನದಿ ನೀರು ಕೆಳಗಿನ ಎರಡು ಕಪಾಟುಗಳನ್ನು ತಿಂದುಹಾಕಿತ್ತು. ಈ ಕಥೆಯ ಮೂವತ್ತು ಪ್ರತಿಗಳಲ್ಲಿ ಇಪ್ಪತ್ತೊಂಬತ್ತು ಕೆಸರಾಗಿ ಹೋದವು. ಉಳಿದ ಒಂದನ್ನು ಎಲಾದಿಯಾ ಹಾಳೆ ಹಾಳೆಯಾಗಿ ಬಿಡಿಸಿ, ಅಂಗಳದ ಲಪಾಚೊ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಒಣಗಿಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯಿಂದ ತೀಡಿದರು. ತೀಡುತ್ತಾ ಓದಿದರು. "ಯಾವ ಪುಟ ಮೊದಲು ಒಣಗ್ತೋ ಅದನ್ನ ಮೊದಲು ಓದಿದೆ. ಹಂಗಾಗಿ ಕಥೆಯಲ್ಲಿ ಮೊದಲು ಸಿಪಾಯಿ ಹೊರಟುಹೋದ, ಆಮೇಲೆ ಬಂದ. ನಂಗೆ ಈಗ್ಲೂ ಹಂಗೇ ನೆನಪಾಗೋದು," ಎಂದು ನಗುತ್ತಾರೆ.

ಇದ್ದ ಒಂದೇ ಪ್ರತಿ ನಲವತ್ತು ಜನಕ್ಕೆ ಸಾಲಬೇಕು. ಅದನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ ದಪ್ಪ ರಟ್ಟು ಕಟ್ಟಿ ದಾರದಿಂದ ಹೊಲಿದರು. ಆ ಕಾಲದ ಮಾತು ಬಂದರೆ ಎಲಾದಿಯಾರ ಮುಖವೇ ಬೇರೆಯಾಗುತ್ತದೆ. ಸೋಮವಾರದ ಲಾಂಚಿನಲ್ಲಿ ಹುಡುಗ ಹುಡುಗಿಯರು ಮಲಗುವ ಜೋಲಿಯನ್ನೂ ಒಂದು ವಾರದ ಮರಗೆಣಸನ್ನೂ ಹೊತ್ತು ಇಳಿಯುತ್ತಿದ್ದರು. ಮೂರು ಬೆಂಚು, ಮೂರು ತುಂಡು ಕಥೆ. ಒಂದು ಬೆಂಚಿನಲ್ಲಿ ತಾಯಿ ಕಾಯುತ್ತಿದ್ದಾಳೆ, ಮುಂದಿನ ಬೆಂಚಿನಲ್ಲಿ ಸಿಪಾಯಿ ನೀರು ಕುಡಿಯುತ್ತಿದ್ದಾನೆ. "ಮುಗೀತಾ? ಬೇಗ ಕೊಡೋ, ಅವಳು ಅಂಗಳಕ್ಕೆ ಬಂದಳೋ ಇಲ್ವೋ ನೋಡ್ಬೇಕು" ಎಂದು ಕಿತ್ತುಕೊಳ್ಳುವವರು. ಗಟ್ಟಿಯಾಗಿ ಓದಬೇಡಿ ಎಂದು ಗೋಡೆಯ ಮೇಲೆ ಬರೆದಿತ್ತು. ಯಾರೂ ಕೇಳುತ್ತಿರಲಿಲ್ಲ. ಎಲಾದಿಯಾ ಬೈಯುತ್ತಿರಲಿಲ್ಲ, ಗುಡಿಸುವ ನೆಪದಲ್ಲಿ ಅಲ್ಲೇ ಸುತ್ತುತ್ತಿದ್ದರು. ಈಗ ಮೂರು ತುಂಡೂ ಮತ್ತೆ ಒಂದೇ ಪುಸ್ತಕವಾಗಿದೆ, ಎಲ್ಲರ ಫೋನಿನಲ್ಲೂ ಪೂರ್ತಿ ಕಥೆಯಿದೆ. ಓದುವ ಸದ್ದು ಇಲ್ಲ.

ಮೊದಲ ವಿಷಯ ಹುಟ್ಟಿದ್ದೂ ಆ ತುಂಡುಗಳಿಂದಲೇ. ರಿಗೊಬೆರ್ತೊ ಎಂಬ ಹುಡುಗನಿಗೆ ಮೂರನೆಯ ತುಂಡು ಮೊದಲು ಸಿಕ್ಕಿತು. ಆಮೇಲೆ ಉಳಿದೆರಡನ್ನೂ ಓದಿ ಎಲಾದಿಯಾರ ಹತ್ತಿರ ಬಂದು, "ನ್ಯಾ, ಈ ಸಿಪಾಯಿನೇ ಕಥೆ ನಾಯಕ, ಇವನನ್ನ ಯಾಕೆ ಬಚ್ಚಿಟ್ಟಿದಾರೆ?" ಎಂದು ಕೇಳಿದ. ನೆಲ ಒರೆಸುತ್ತಿದ್ದ ಎಲಾದಿಯಾ ತಲೆ ಎತ್ತದೆ, "ಅದನ್ನೇ ಬರಿ" ಅಂದರು. ಅವನು ಬರೆದ. ಆ ವರ್ಷ ಅವನದೇ ಎಲ್ಲಕ್ಕಿಂತ ಒಳ್ಳೆಯ ಪ್ರಬಂಧ ಎನಿಸಿಕೊಂಡಿತು. ಮರು ವರ್ಷ ನಾಲ್ಕು ಜನ ಬಂದರು. ಆಮೇಲೆ ಸಾಲು ನಿಂತಿತು.

ಅವರ ಕೆಲಸದ ರೀತಿ ಯಾವ ಪ್ರೊಫೆಸರಿಗೂ ಬರುವಂಥದ್ದಲ್ಲ, ಯಾಕೆಂದರೆ ಅದಕ್ಕೆ ತಾಳ್ಮೆ ಬೇಕು. ಓದಿಯಾದ ಮೇಲೆ ಪುಸ್ತಕವನ್ನು ಕಸಿದುಕೊಂಡು ತಾವು ಕೂತ ಕುರ್ಚಿಯ ಮೇಲೇ ಇಟ್ಟು ಅದರ ಮೇಲೆ ಕೂರುತ್ತಾರೆ. "ಈಗ ಹೇಳು" ಅನ್ನುತ್ತಾರೆ. ಕೈ ಅಂಟು ಹಚ್ಚುತ್ತಿರುತ್ತದೆ, ಕಿವಿ ಕೇಳುತ್ತಿರುತ್ತದೆ. ನಡುವೆ ಬಾಯಿ ಹಾಕುವುದಿಲ್ಲ. ಕಥೆಯಲ್ಲಿ ಇಲ್ಲದ್ದನ್ನು ಹುಡುಗರು ಸೇರಿಸುತ್ತಾರೆ, ಇದ್ದದ್ದನ್ನು ಬಿಟ್ಟುಬಿಡುತ್ತಾರೆ. ಯಾರೂ ಬೇಕೆಂದು ಮಾಡುವುದಿಲ್ಲ. ವಿಷಯ ಇರುವುದು ಅಲ್ಲೇ.

ದೋಣಿ ನಡೆಸುವವನ ಮಗನೊಬ್ಬ "ಸಿಪಾಯಿ ದೋಣಿಯಿಂದ ಇಳಿದ" ಎಂದು ಹೇಳಿದ. ಕಥೆಯಲ್ಲಿ ದೋಣಿಯೇ ಇಲ್ಲ. ನದಿ ದಾಟಿ ಬಂದವನು ಹೇಗೆ ದಾಟಿದ ಎನ್ನುವುದೇ ಅವನ ಪ್ರಬಂಧವಾಯಿತು. ಪೊಲೀಸಿನವನ ಮಗಳು "ಅಮ್ಮ ಬಾಗಿಲು ತೆಗೆದಳು" ಎಂದಳು. ಆ ಮನೆಗೆ ಬಾಗಿಲಿಲ್ಲ, ಬರೀ ಕಂಬ ಮತ್ತು ಹುಲ್ಲು ಮಾಡು. ಬಾಗಿಲಿಲ್ಲದ ಮನೆಯ ಬಗ್ಗೆ ಅವಳು ನಲವತ್ತು ಪುಟ ಬರೆದಳು. ಒಂಬತ್ತು ಮಕ್ಕಳ ಮನೆಯಿಂದ ಬಂದ ಇನ್ನೊಬ್ಬಳು ಕಥೆಯ ಅಕ್ಕಪಕ್ಕದ ಹೆಂಗಸರನ್ನೆಲ್ಲ ಹಾರಿಸಿಬಿಟ್ಟಿದ್ದಳು. "ನಂಗೆ ಗದ್ದಲ ಅಂದ್ರೆ ಆಗಲ್ಲ ನ್ಯಾ" ಅಂದಳಂತೆ. ಅವಳ ವಿಷಯವೂ ಅದೇ ಆಯಿತು: ಆ ಹೆಂಗಸರು ಇಲ್ಲದಿದ್ದರೆ ಕಥೆಯಲ್ಲಿ ಏನು ಉಳಿಯುತ್ತದೆ?

ಹೀಗೆ ಕೊಟ್ಟ ಒಂದೊಂದು ವಿಷಯವನ್ನೂ ಅವರು ಗ್ರಂಥಾಲಯದ ಹಳೆಯ ಕಾರ್ಡಿನ ಹಿಂಬದಿಯಲ್ಲಿ ಬರೆದಿಡುತ್ತಾರೆ. ಮರಳಿ ಯಾರಿಗೂ ಅದೇ ಹೋಗಬಾರದಲ್ಲ. ಇವತ್ತಿನ ಬೆಳಗಿಗೆ ನಾನೂರ ಹನ್ನೆರಡು ಕಾರ್ಡು. ಆಗಸ್ಟಿನಲ್ಲಿ ಗಡುವಿನ ಹತ್ತಿರ ದಿನಕ್ಕೆ ಎಂಟೋ ಹತ್ತೋ ಜನ ಬರುತ್ತಾರೆ. ಅದೇ ಹನ್ನೊಂದು ಪುಟ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬೇಸರವಾಗುವುದಿಲ್ಲವೇ? "ಒಬ್ಬೊಬ್ಬರ ಬಾಯಲ್ಲಿ ಆ ತಾಯಿ ಒಂದೊಂದು ಥರ ಇರ್ತಾಳೆ. ಒಬ್ಬ ಬೈಕೊಂಡು ಹೇಳ್ತಾನೆ, ಒಬ್ಬ ಆಕಳಿಸಿಕೊಂಡು ಹೇಳ್ತಾನೆ. ಆಕಳಿಸೋನು ಎಲ್ಲಿ ಆಕಳಿಸಿದ ಅನ್ನೋದೂ ನೋಡ್ಬೇಕಾದ್ದೇ."

ಇದಕ್ಕೆ ಅವರಿಗೆ ಸಂಬಳವಿಲ್ಲ. ಸಂಬಳವಿರುವುದು ಕಸಪೊರಕೆಗೆ ಮತ್ತು ಅಂಟಿಗೆ. ನಾನೂರು ಪ್ರಬಂಧಗಳ ಮೊದಲ ಪುಟದಲ್ಲಿ ದೇವರಿಗೆ, ಅಪ್ಪ ಅಮ್ಮನಿಗೆ, ಪ್ರೊಫೆಸರಿಗೆ ಧನ್ಯವಾದಗಳಿವೆ. ಒಂದರಲ್ಲಿ ಒಂದು ನಾಯಿಗೂ ಇದೆ. ಎಲಾದಿಯಾ ಎಂಬ ಹೆಸರು ಒಂದರಲ್ಲೂ ಇಲ್ಲ. ಇದಕ್ಕೆ ಮರೆವು ಎಂದು ಮರ್ಯಾದೆಯ ಹೆಸರು ಕೊಡಬೇಕಾಗಿಲ್ಲ. ಗುಡಿಸುವವಳಿಂದ ಕಲಿತೆ ಎಂದು ಬರೆಯಲು ಮೇಷ್ಟ್ರಾಗುವವರಿಗೆ ನಾಚಿಕೆ, ಅಷ್ಟೇ. ಪ್ರೊಫೆಸರ್ ರೊಲೋನ್ ಮಾತ್ರ ಮುಚ್ಚಿಡುವುದಿಲ್ಲ. "ನನಗೆ ಗೊತ್ತಿಲ್ಲ ಅಂದ್ಕೊಂಡಿದಾರಾ?" ಎಂದು ಗದರುತ್ತಾರೆ. "ಒಳ್ಳೆ ವಿಷಯ ಬಂದ ಹಾಳೆಗೆಲ್ಲ ಮರಗೆಣಸಿನ ಅಂಟಿನ ವಾಸನೆ ಇರುತ್ತೆ."

ಹತ್ತು ಗಂಟೆಯ ಗಂಟೆ ಹೊಡೆಯುತ್ತದೆ. ನಿಮಿಯಾ ಓದಿದ್ದಾಳೆ, ನಡುವೆ ಎರಡು ತರಗತಿಗೂ ಹೋಗಿ ಬಂದಿದ್ದಾಳೆ, ಸಿಟ್ಟು ಇಳಿದಿಲ್ಲ. ಎಲಾದಿಯಾ ಪುಸ್ತಕ ಕಸಿದುಕೊಂಡು ಅದರ ಮೇಲೆ ಕೂರುತ್ತಾರೆ. ಹುಡುಗಿ ಗೋಡೆ ನೋಡಿಕೊಂಡು ಪಾಠ ಒಪ್ಪಿಸುವವಳಂತೆ ಹೇಳುತ್ತಾಳೆ.

"ಒಬ್ಬಳು ತಾಯಿ. ಮಗ ಯುದ್ಧಕ್ಕೆ ಹೋಗಿದಾನೆ. ಕಾಗದ ಇಲ್ಲ, ಸುದ್ದಿ ಇಲ್ಲ. ದಿನಾ ಈ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ತೆರೆರೆ ಕುಡಿಯೋಕೆ ಬರ್ತಾರೆ. ಅವರ ತಣ್ಣೀರಿಗೆ ಪುದೀನಾ ಜಜ್ಜಿ ಹಾಕ್ತಾಳೆ. ಅವರು ಹೋದ್ಮೇಲೆ ತನ್ನ ನೀರಿಗೆ ಸಾಂತಾ ಲೂಸಿಯಾ ಹಾಕ್ಕೊಂಡು ದಾರಿ ನೋಡ್ತಾ ಕೂರ್ತಾಳೆ. ಒಂದಿನ ಸಿಪಾಯಿ ಬಂದ. ನೀರು ಕೊಡಿ ಅಂದ. ಅವನಿಗೂ ಸಾಂತಾ ಲೂಸಿಯಾ ಹಾಕಿ ಕೊಟ್ಟಳು. ಅವನು ಏನೋ ಹೇಳೋಕೆ ಬಾಯಿ ತೆಗೀತಾನೆ, ಇವಳು ಬಟ್ಟಲು ತುಂಬ್ತಾಳೆ. ಮತ್ತೆ ತೆಗೀತಾನೆ, ಮತ್ತೆ ತುಂಬ್ತಾಳೆ. ಕತ್ತಲಾಯ್ತು, ಎದ್ದು ಹೋದ. ಮುಗೀತು. ಸಾಕಾ?"

ಎಲಾದಿಯಾರ ಕೈಯಲ್ಲಿ ಬ್ರಷ್ ನಿಂತಿದೆ. ಅಂಟು ತೊಟ್ಟಿಕ್ಕಿ ಲಂಗದ ಮೇಲೆ ಬೀಳುತ್ತದೆ.

"ಸಾಂತಾ ಲೂಸಿಯಾ ಅಂತ ಎಲ್ಲಿದೆ?"

"ಕಥೇಲಿ."

"ಇಲ್ಲ."

"ಇದೆ! ಈಗ ತಾನೇ ಓದಿದೀನಿ!"

ಎಲಾದಿಯಾ ಎದ್ದು ಪುಸ್ತಕ ತೆಗೆದುಕೊಡುತ್ತಾರೆ. ನಿಮಿಯಾ ಬೆರಳಿಟ್ಟು ಹುಡುಕುತ್ತಾಳೆ. ಮೂರನೆಯ ಪುಟದಲ್ಲಿ 'ನೀಲಿ ಹೂವಿನ ಸೊಪ್ಪು' ಎಂದಿದೆ. ಹತ್ತನೆಯ ಪುಟದಲ್ಲಿ 'ಅದೇ ನೀಲಿ ಹೂವಿನ ಸೊಪ್ಪು'. ಹೆಸರು ಎಲ್ಲೂ ಇಲ್ಲ.

"ನೀಲಿ ಹೂವು ಅಂದ್ರೆ ಅದೇ ತಾನೇ?" ಎನ್ನುತ್ತಾಳೆ, ದನಿ ಸ್ವಲ್ಪ ಇಳಿದಿದೆ. "ತೆರೆರೆಗೆ ಹಾಕೋ ನೀಲಿ ಹೂವು ಬೇರೆ ಯಾವುದಿದೆ?"

"ಯಾತಕ್ಕೆ ಹಾಕೋದು?"

"ಇದೇನು ನ್ಯಾ, ನೀವು ಈ ಊರಿನೋರಲ್ವಾ? ಕಣ್ಣಿಗೆ. ಉರಿಯೋ ಕಣ್ಣಿಗೆ. ನವೆಂಬರಲ್ಲಿ ಸತ್ತೋರ ಹಬ್ಬದ ಮಾರನೇ ದಿನ ನಮ್ಮಮ್ಮ ಬುಟ್ಟಿಗಟ್ಟಲೆ ಮಾರ್ತಾಳೆ."

ನಿಮಿಯಾಳ ತಾಯಿ ಸಂತೆ ಚೌಕದಲ್ಲಿ ಗಿಡಮೂಲಿಕೆ ಜಜ್ಜಿ ಮಾರುವವಳು. ನಿಮಿಯಾ ಇದನ್ನು ತಾನಾಗಿ ಯಾರಿಗೂ ಹೇಳಿದವಳಲ್ಲ.

"ಈ ತಾಯಿ ಕಥೇಲಿ ಎಲ್ಲಾದ್ರೂ ಅಳ್ತಾಳಾ?" ಎಲಾದಿಯಾ ಕೇಳುತ್ತಾರೆ.

"ಎಲ್ಲೂ ಇಲ್ಲ. ಕಲ್ಲು."

"ಮತ್ತೆ ದಿನಾ ಯಾಕೆ ಅದನ್ನ ಕುಡೀತಾಳೆ?"

ಹುಡುಗಿ ಮತ್ತೆ ಮೂರನೆಯ ಪುಟಕ್ಕೆ ತಿರುಗುತ್ತಾಳೆ.

"ಸಿಪಾಯಿಗೆ ಯಾವಾಗ ಹಾಕಿ ಕೊಟ್ಟಳು? ಅವನು ಬಾಯಿ ತೆಗೆಯೋಕೆ ಮುಂಚೇನೋ, ಆಮೇಲೋ?"

ನಿಮಿಯಾ ಪುಟ ನೋಡುತ್ತಾಳೆ. ಎರಡು ಸಲ ನೋಡುತ್ತಾಳೆ. "ಮುಂಚೆ," ಎನ್ನುತ್ತಾಳೆ. ಆಮೇಲೆ ಯಾರಿಗೂ ಅಲ್ಲದಂತೆ, "ನಮ್ಮಮ್ಮನೂ ಕೇಳಲ್ಲ. ಬಂದೋರ ಮುಖ ನೋಡ್ತಾಳೆ, ಕಟ್ಟು ಕಟ್ತಾಳೆ. ಅತ್ತು ಬಂದೋರನ್ನ ಏನಾಯ್ತು ಅಂತ ಕೇಳಬಾರದು ಅಂತಾಳೆ." ತಲೆ ಎತ್ತುತ್ತಾಳೆ. "ಇವಳಿಗೆ ಗೊತ್ತಿತ್ತು ನ್ಯಾ. ಅವನ ಕಣ್ಣು ನೋಡಿದಾಗಲೇ ಗೊತ್ತಾಯ್ತು."

ಎಲಾದಿಯಾ ನೆರೆಯ ವರ್ಷದಿಂದ ಈ ಕಥೆಯನ್ನು ಒರೆಸಿ, ಒಣಗಿಸಿ, ಹೊಲಿದು, ನೂರಾರು ಸಲ ಕೇಳಿದ್ದಾರೆ. ಅಷ್ಟೂ ವರ್ಷ ಆ ನೀಲಿ ಹೂವು ಅವರಿಗೆ ಬರೀ ಹೂವಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಲಂಗದ ಮೇಲೆ ಬಿದ್ದ ಅಂಟನ್ನು ಒರೆಸುತ್ತಾರೆ. ಆಮೇಲೆ ಖಾಲಿ ಹಾಳೆಯನ್ನು ಅವಳ ಕಡೆ ತಳ್ಳುತ್ತಾರೆ. "ಬರಿ."

"ಬರೆಯಲ್ಲ."

"ಏನಂದೆ?"

"ಹುಲ್ಲು ಮಾರೋಳ ಮಗಳು ಹುಲ್ಲಿನ ಮೇಲೆ ಬರೆದಳು ಅಂತ ಕ್ಲಾಸೆಲ್ಲ ನಗುತ್ತೆ. ಈಗ್ಲೇ ನಾನು ಬಂದ್ರೆ ಒರಳು ಕುಟ್ಟೋ ಸದ್ದು ಮಾಡ್ತಾರೆ. ಬೇರೆ ಏನಾದ್ರೂ ಕೊಡಿ."

ಎಲಾದಿಯಾ ಈಗ ನಿಜವಾಗಿಯೂ ಸಿಡಿಯುತ್ತಾರೆ. "ಬೇರೆ ಇಲ್ಲ! ಇದ್ರೂ ಕೊಡಲ್ಲ! ಅಸುನ್ಸಿಯೋನಿನ ದೊಡ್ಡ ದೊಡ್ಡೋರಿಗೆ ಕಾಣಲಿಲ್ಲ, ಪ್ರೊಫೆಸರಿಗೆ ಕಾಣಲಿಲ್ಲ, ನಂಗೆ ಕಾಣಲಿಲ್ಲ. ನಿಂಗೂ ಕಾಣಲಿಲ್ಲ ಕಣೇ, ನಿಮ್ಮಮ್ಮನ ಅಂಗಡಿಯಿಂದ ನಿನ್ನ ಬಾಯಿಗೆ ಬಂತು. ನಾಚಿಕೆ ಆಗುತ್ತಾ? ಆಗ್ಲಿ. ನಾಚ್ಕೊಂಡೇ ಬರಿ. ನಾಳೆ ಆಚೆ ದಡದ ಮಕ್ಕಳ ಮುಂದೆ ನಿಂತು ನಿಮ್ಮಮ್ಮ ಏನು ಮಾಡ್ತಾರೆ ಅಂತ ಅವರು ಕೇಳಿದ್ರೆ ಏನಂತೀಯಾ? ಅದಕ್ಕೂ ಫೋನು ಒತ್ತುತೀಯಾ?"

"ನಮ್ಮಮ್ಮನ ಸುದ್ದಿಗೆ ಬರಬೇಡಿ!"

"ನಾನಲ್ಲ ಬಂದಿದ್ದು. ನೀನೇ ಕರ್ಕೊಂಡು ಬಂದಿದ್ದು."

ನಿಮಿಯಾಳ ಮುಖ ಕೆಂಪಾಗಿದೆ. ಹಾಳೆಯನ್ನು ಎಳೆದುಕೊಳ್ಳುತ್ತಾಳೆ. ಏನೋ ಬರೆಯುತ್ತಾಳೆ, ಹೊಡೆದುಹಾಕುತ್ತಾಳೆ, ಮತ್ತೆ ಬರೆಯುತ್ತಾಳೆ, ಪೆನ್ನು ಹಾಳೆಯನ್ನು ಸೀಳುವಷ್ಟು ಒತ್ತಿ. ಏನು ಬರೆದಳೆಂದು ತೋರಿಸುವುದಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲು ಬಡಿದುಕೊಂಡು ಹೊರಟುಹೋಗುತ್ತಾಳೆ. ಧನ್ಯವಾದದ ಮಾತೇ ಇಲ್ಲ. ಗಂಟೆ ಹನ್ನೊಂದೂವರೆ.

ಎಲಾದಿಯಾ ಮತ್ತೆ ಬ್ರಷ್ ಹಿಡಿಯುತ್ತಾರೆ. ಅಂಟು ಕೆನೆಗಟ್ಟಿದೆ. ಹನ್ನೆರಡಾಗುತ್ತದೆ. ತಿರಸ್ಕಾರವಾದವರು ಹನ್ನೆರಡೂಕಾಲಿನೊಳಗೆ ಕಿಟಕಿಗೆ ಬಂದು ಕೂಗುತ್ತಾರೆ, ಇಷ್ಟು ವರ್ಷದ ಅನುಭವ. ಹನ್ನೆರಡೂಕಾಲಾಗುತ್ತದೆ. ಹನ್ನೆರಡೂವರೆಯಾಗುತ್ತದೆ. ಹುಡುಗರು ಅಂಗಳ ದಾಟಿ ಊಟಕ್ಕೆ ಹೋಗುತ್ತಾರೆ. ಎಲಾದಿಯಾ ಕೈ ಒರೆಸಿಕೊಂಡು ಒಂದು ಕಾರ್ಡು ತೆಗೆದು ನಾನೂರ ಹದಿಮೂರು ಎಂದು ಸಂಖ್ಯೆ ಹಾಕಿ, 'ನೀಲಿ ಹೂವಿನ ಸೊಪ್ಪು, ಗಾಯೊಸೊ' ಎಂದು ಬರೆಯುತ್ತಾರೆ.

ನಿಮಿಯಾ ಆ ಮಧ್ಯಾಹ್ನ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಡಿಸೆಂಬರಿನಲ್ಲಿ ಪ್ರಬಂಧಗಳೆಲ್ಲ ರಟ್ಟು ಕಟ್ಟಿಸಿಕೊಂಡು ನಿರ್ದೇಶಕರ ಕೋಣೆಯ ಕಪಾಟು ಸೇರಿದವು. ಆ ಕಪಾಟಿಗೆ ಬೀಗ, ಬೀಗದ ಕೈ ಗುಡಿಸುವವರಿಗೆ ಸಿಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಎಲಾದಿಯಾ ತಾವು ವಿಷಯ ಹುಡುಕಿಕೊಟ್ಟ ಒಂದು ಪ್ರಬಂಧವನ್ನೂ ಪೂರ್ತಿ ಓದಿಲ್ಲ. ಏನು ಆಸೆ ಎಂದು ಕೇಳಿದರೆ ಅದನ್ನೇ ಹೇಳುತ್ತಾರೆ. "ಒಂದು ಸಲ ಯಾರಾದ್ರೂ ತಂದು ತೋರಿಸಿದ್ರೆ ಆಗಿತ್ತು. ಈ ಹುಡುಗಿದು ನೋಡ್ಬೇಕು ಅಂತ ತುಂಬಾ ಇತ್ತು."

ಫೆಬ್ರವರಿಯಲ್ಲಿ ಆಚೆ ದಡದ ಶಾಲೆ ತೆರೆಯಿತು.

"ಮೇಷ್ಟ್ರಮ್ಮ ಆಗಿದಾಳಲ್ಲ," ಎನ್ನುತ್ತಾರೆ ಎಲಾದಿಯಾ, ಒಲೆ ಹಚ್ಚುತ್ತಾ. "ಇನ್ನು ಅವಳಿಗೆ ಇಲ್ಲಿಗೆ ಬರೋಕೆ ಪುರಸೊತ್ತೆಲ್ಲಿ?"